ಹಾಲಿನ ಲೆಕ್ಕವೂ ಫೋಲ್ಡ್ ಮಹಾತ್ಮೆಯೂ

ನಮ್ಮ ಮನೆಯಲ್ಲಿ ಲೆಕ್ಕ ಬಲ್ಲವರು ಮೂವರು. ಲೆಕ್ಕದ ಪ್ರೋಗ್ರಾಮ್ ಬರೆಯುವವನು ಒಬ್ಬ. ಆ ಮೂವರಲ್ಲಿ ಈ ಒಬ್ಬ ಸೇರಿಲ್ಲ.

ಮೂವರೆಂದರೆ ಅಮ್ಮ, ಹೆಂಡತಿ, ಏಳನೇ ತರಗತಿಯ ಮಗಳು. ಅಮ್ಮನ ಲೆಕ್ಕ ಬೆರಳ ಗೆಣ್ಣುಗಳಲ್ಲಿ. ಹೆಂಡತಿಯದು ಅಡುಗೆಮನೆ ಬಾಗಿಲ ಹಿಂದೆ ತೂಗುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಚೌಕಗಳಲ್ಲಿ: ಹಾಲು 4, ಹಾಲು 4, ಹಾಲು 5, ಸಂಕಷ್ಟಹರ ಚತುರ್ಥಿ, ಇಸ್ತ್ರಿ 11, ಹಾಲು 3. ಮಗಳದು ಬಾಯಲ್ಲಿ, ಅದೂ ಯಾರೂ ಕೇಳುವ ಮೊದಲೇ. ಈ ಮೂರು ವ್ಯವಸ್ಥೆಗಳೂ ವರ್ಷಗಟ್ಟಲೆ ಒಂದು ಪೈಸೆ ಹೆಚ್ಚುಕಡಿಮೆಯಿಲ್ಲದೆ ನಡೆದುಕೊಂಡು ಬಂದಿದ್ದವು. ಇಂಥ ಕಡೆ ಕಂಪ್ಯೂಟರನ್ನು ತಂದು ನಿಲ್ಲಿಸಬೇಕು ಎಂದು ಅನ್ನಿಸುವುದು ನನ್ನಂಥ ಸಾಫ್ಟ್‌ವೇರ್ ಪ್ರಾಣಿಗೆ ಮಾತ್ರ.

ಹಿನ್ನೆಲೆ ಇಷ್ಟು. ನಮ್ಮ ಆಫೀಸಿನಲ್ಲಿ ಹಳೇ ಸಿ ಪ್ಲಸ್ ಪ್ಲಸ್ ಕೋಡನ್ನೆಲ್ಲ ರಸ್ಟ್ ಎಂಬ ಭಾಷೆಗೆ ಬದಲಾಯಿಸುತ್ತಾರಂತೆ ಎಂಬ ಸುದ್ದಿ ಕ್ಯಾಂಟೀನಿನಲ್ಲಿ ಹುಟ್ಟಿ ಹಬ್ಬಿತು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಹುಡುಗರು ಅದನ್ನು ಆಗಲೇ ಕುಡಿದು ಜೀರ್ಣಿಸಿಕೊಂಡಿದ್ದರು. ನಾನು ಕಲಿಯಬೇಕು, ಕಲಿಯುವುದಕ್ಕೆ ಒಂದು ನೆಪ ಬೇಕು, ನೆಪ ಮನೆಯಲ್ಲೇ ಸಿಗಬೇಕು. ಏಕೆಂದರೆ ಯಲಹಂಕ ಉಪನಗರದಿಂದ ಹೊರಟು ಹೆಬ್ಬಾಳದ ಮೇಲ್ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ದಿನದ ಉತ್ಸಾಹವೆಲ್ಲ ಖರ್ಚಾಗಿ, ಆಫೀಸಿಗೆ ತಲುಪುವುದು ಬರೀ ದೇಹ.

ಈ ಭಾಷೆ ಹುಟ್ಟಿದ್ದೇ ಲಿಫ್ಟ್ ಕೆಟ್ಟಿದ್ದರಿಂದ. 2006ರಲ್ಲಿ ಮೋಜಿಲ್ಲಾದಲ್ಲಿ ಕೆಲಸಕ್ಕಿದ್ದ ಗ್ರೇಡನ್ ಹೋರ್ ಎಂಬಾತನ ಮನೆ ಕೆನಡಾದ ವ್ಯಾಂಕೂವರಿನಲ್ಲಿ, 21ನೇ ಮಹಡಿಯಲ್ಲಿ. ಲಿಫ್ಟಿನ ಸಾಫ್ಟ್‌ವೇರ್ ಮತ್ತೆ ಕುಸಿದು, ಮೆಟ್ಟಿಲು ಹತ್ತುತ್ತ ಸಿಟ್ಟು ನೆತ್ತಿಗೇರಿ, ಕಂಪ್ಯೂಟರಿನ ಮೆಮೊರಿಯನ್ನು ಎಡವಟ್ಟಾಗಿ ಮುಟ್ಟಲು ಬಿಡದಂಥ ಭಾಷೆಯೊಂದನ್ನು ಆತ ಬಿಡುವಿನ ವೇಳೆಯಲ್ಲಿ ಶುರುಮಾಡಿದ. 2009ರಲ್ಲಿ ಮೋಜಿಲ್ಲಾ ಬೆನ್ನಿಗೆ ನಿಂತಿತು. 2015ರ ಮೇ 15ಕ್ಕೆ ಮೊದಲ ಸ್ಥಿರ ಆವೃತ್ತಿ ಬಂತು. ಇದನ್ನು ಊಟದ ಹೊತ್ತಿನಲ್ಲಿ ಭಕ್ತಿಯಿಂದ ವಿವರಿಸಿದೆ.

"ನಮ್ಮ ಲಿಫ್ಟೂ ಕೆಡ್ತಾನೇ ಇರತ್ತಲ್ಲ, ನೀವೇನು ಮಾಡಿದ್ರಿ?" ಎಂದಳು ಹೆಂಡತಿ.

ನಾನು ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕಿದ್ದೆ. ಅದನ್ನು ಹೇಳಲಿಲ್ಲ.

ಮನೆಯ ಹಾಲಿನ ಲೆಕ್ಕವನ್ನೇ ನೆಪ ಮಾಡಿಕೊಂಡು ಬರೆಯಲು ಕೂತ ಪ್ರೋಗ್ರಾಮಿನ ಜೀವಾಳ ಸರಳ. ಸಾಲಾಗಿ ನಿಂತ ಅಂಕಿಗಳನ್ನು ಒಂದೊಂದಾಗಿ ಕೈಗೆ ಕೊಡುವವನು ಇಟರೇಟರ್. ಬಂದದ್ದನ್ನೆಲ್ಲ ಕೈಯಲ್ಲಿರುವ ಮೊತ್ತಕ್ಕೆ ಸೇರಿಸುತ್ತ ಹೋಗಿ ಕೊನೆಗೆ ಒಂದೇ ಉತ್ತರ ಒಪ್ಪಿಸುವುದು ಫೋಲ್ಡ್. ಅದಕ್ಕೆ ಎರಡು ಮಾತು ಹೇಳಿಕೊಟ್ಟರೆ ಸಾಕು: ಎಲ್ಲಿಂದ ಶುರು, ಸೇರಿಸುವುದು ಹೇಗೆ. ಬರೀ ಕೂಡುವುದಷ್ಟೇ ಆದರೆ ಸಮ್ ಎಂಬುದಿದೆ. ಅದಕ್ಕೆ ಏನೂ ಹೇಳಿಕೊಡಬೇಕಿಲ್ಲ, ತಾನೇ ಸೊನ್ನೆಯಿಂದ ಹೊರಡುತ್ತದೆ. ಹಾಗೆಯೇ ರೆಡ್ಯೂಸ್, ಟ್ರೈ ಫೋಲ್ಡ್, ಸ್ಕ್ಯಾನ್ ಎಂದು ಒಂದು ಅವಿಭಕ್ತ ಕುಟುಂಬವೇ ಇದೆ. ಈ ಯೋಚನೆ ಹೊಸದೂ ಅಲ್ಲ. ಐವರ್ಸನ್ ಎಂಬ ಗಣಿತಜ್ಞ 1962ರಲ್ಲೇ ಕೂಡುವ ಚಿಹ್ನೆಯ ಪಕ್ಕ ಒಂದು ಓರೆಗೆರೆ ಎಳೆದು, ಇಡೀ ಪಟ್ಟಿಯನ್ನು ಒಟ್ಟುಮಾಡುವ ಸಂಕೇತ ಬರೆದು ಪುಸ್ತಕ ಮಾಡಿದ.

ಆರ್.ಟಿ. ನಗರದಲ್ಲಿರುವ ನನ್ನ ಷಡ್ಡಕನಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ಆತ ಬಹಳ ಹೊತ್ತು ಸುಮ್ಮನೆ ಕೇಳಿದ. ಆಮೇಲೆ, "ಎಕ್ಸೆಲ್‌ನಲ್ಲಿ ಆಟೋಸಮ್ ಒತ್ತಿದ್ರೆ ಬರಲ್ವಾ ಭಾವ?" ಎಂದ. ಬ್ಯಾಂಕಿನವನು. ಅವನಿಂದ ಹೆಚ್ಚಿಗೆ ನಿರೀಕ್ಷಿಸುವುದು ತಪ್ಪು.

ರಸ್ಟ್‌ನಲ್ಲಿ ಟೆಸ್ಟ್ ಬರೆಯುವುದು ಸುಖದ ಕೆಲಸ. ಫಂಕ್ಷನ್ನಿನ ತಲೆಯ ಮೇಲೆ ಟೆಸ್ಟ್ ಎಂದು ಗುರುತು ಹಾಕಿ, ಒಳಗೆ ಅಸರ್ಟ್ ಎಂಬುದಕ್ಕೆ ಎರಡು ಬೆಲೆ ಕೊಟ್ಟು, ಕಾರ್ಗೋ ಟೆಸ್ಟ್ ಎಂದು ಟೈಪ್ ಮಾಡಿದರೆ ಮುಗಿಯಿತು. ಎರಡೂ ಬೆಲೆ ಸಮನಾಗಿದ್ದರೆ ಹಸಿರು ಬಣ್ಣದಲ್ಲಿ ಓಕೆ. ನಾನು ಬರೆದ ಮೊದಲ ಟೆಸ್ಟ್: ಎರಡು ಪ್ಯಾಕೆಟ್, ಎರಡು ಪ್ಯಾಕೆಟ್, ಮೂರು ಪ್ಯಾಕೆಟ್, ಒಟ್ಟು ಏಳು. ಪಾಸ್! ಹಸಿರು ಕಂಡು ಕುರ್ಚಿಯಿಂದ ಎದ್ದುಬಿಟ್ಟೆ. ಮಗಳು ಬಂದು ನೋಡಿ, "ಇದನ್ನ ನಾವು ಯುಕೆಜಿಲೇ ಮಾಡಿದ್ವಲ್ಲ ಅಪ್ಪ" ಎಂದಳು. ಯುಕೆಜಿಯಲ್ಲಿ ಅವಳು ಬೆರಳು ಮಡಚಿ ಎಣಿಸಿದ್ದಳು. ನನ್ನದು ಮೆಮೊರಿ ಭದ್ರತೆಯುಳ್ಳ ಮೊತ್ತ. ವ್ಯತ್ಯಾಸವನ್ನು ತಿಳಿಸಿಹೇಳುವಷ್ಟರಲ್ಲಿ ಟ್ಯೂಷನ್ನಿಗೆ ಹೊರಟುಹೋದಳು.

ಟೆಸ್ಟ್ ಸೋತರೆ ಏನು ಬರುತ್ತದೆ ಎಂಬುದು ಇನ್ನೂ ಚೆನ್ನಾಗಿದೆ. ಎಡಗಡೆ ಇಷ್ಟು, ಬಲಗಡೆ ಇಷ್ಟು, ಎರಡೂ ಒಂದೇ ಅಲ್ಲ ಎಂದಷ್ಟೇ ತೆರೆಯ ಮೇಲೆ ಮೂಡುತ್ತದೆ. ಬೇರೆ ಕೆಲವು ಭಾಷೆಗಳ ಸಲಕರಣೆಗಳು ಒಂದನ್ನು ಬರಬೇಕಾದದ್ದು, ಇನ್ನೊಂದನ್ನು ಬಂದದ್ದು ಎಂದು ಕರೆದು ತಪ್ಪು ಯಾರದೆಂದು ಬೊಟ್ಟುಮಾಡಿ ತೋರಿಸುತ್ತವೆ. ರಸ್ಟ್ ಆ ಗೋಜಿಗೆ ಹೋಗುವುದಿಲ್ಲ. ಎಡ, ಬಲ, ಅಷ್ಟೇ. ಯಾರು ಸರಿ ಎಂದು ಹೇಳಲಾರೆ ಎನ್ನುತ್ತದೆ. ಅತ್ತೆ ಸೊಸೆ ಇಬ್ಬರೂ ಗಟ್ಟಿಯಾಗಿರುವ ಮನೆಯಲ್ಲಿ ಬಾಳಿದವರೇ ಇದನ್ನು ಬರೆದಿರಬೇಕು ಎಂದು ನನಗೆ ಅವತ್ತೇ ಖಾತ್ರಿಯಾಯಿತು. ಊಟದ ಮೇಜಿನಲ್ಲಿ ನನ್ನ ಎಡಕ್ಕೆ ಅಮ್ಮ ಕೂರುತ್ತಾಳೆ, ಬಲಕ್ಕೆ ಹೆಂಡತಿ.

ಇನ್ನು ಕಂಪೈಲರ್ ಕೊಟ್ಟ ಎಚ್ಚರಿಕೆಯ ವಿಷಯ. ರಸ್ಟ್‌ನಲ್ಲಿ ಇಟರೇಟರಿಗೆ ಇದನ್ನು ಮಾಡು, ಅದನ್ನು ಸೋಸು, ಇನ್ನೊಂದನ್ನು ಬೆಲೆಯಿಂದ ಗುಣಿಸು ಎಂದು ಎಷ್ಟೇ ಆಜ್ಞೆ ಪೋಣಿಸಿದರೂ ಅದು ಕದಲುವುದಿಲ್ಲ. ಕೊನೆಯಲ್ಲಿ ಸಮ್ ಎಂದೋ ಫೋಲ್ಡ್ ಎಂದೋ ಯಾರಾದರೂ ಉತ್ತರ ಕೇಳಿದಾಗ ಮಾತ್ರ ಎದ್ದು ಕೆಲಸ ಶುರುಮಾಡುತ್ತದೆ. ನಾನು ಗುಣಿಸುವ ಸಾಲು ಬರೆದು ಅಲ್ಲಿಗೇ ಬಿಟ್ಟಿದ್ದೆ. ಕಂಪೈಲರ್ ಹಳದಿ ಅಕ್ಷರಗಳಲ್ಲಿ ತನ್ನ ಪ್ರಸಿದ್ಧ ವಾಕ್ಯವನ್ನು ಬರೆಯಿತು: ಇಟರೇಟರುಗಳು ಸೋಮಾರಿಗಳು, ಯಾರಾದರೂ ಬಳಸಿಕೊಳ್ಳದ ಹೊರತು ಏನನ್ನೂ ಮಾಡುವುದಿಲ್ಲ.

ಕಾಫಿ ತಂದ ಹೆಂಡತಿ ನನ್ನ ಹೆಗಲ ಮೇಲಿಂದ ಅದನ್ನು ಓದಿದಳು. ಇನ್ನೊಂದು ಸಲ ಓದಿದಳು. "ಇದು ನಿಮ್ಮನ್ನ ಎಷ್ಟು ದಿನದಿಂದ ನೋಡ್ತಾ ಇದೆ?" ಎಂದು ಕೇಳಿದಳು. ಫ್ಯಾನ್ ಒರೆಸುತ್ತೇನೆ ಎಂದು ನಾನು ಹೇಳಿದ್ದು ಯುಗಾದಿಗೆ. ಆಗ ಗೌರಿ ಹಬ್ಬ ಹತ್ತಿರ ಬಂದಿತ್ತು. ಸೋಮಾರಿತನ ಎಂಬುದು ಗಣಕ ವಿಜ್ಞಾನದಲ್ಲಿ ಬಹು ಗೌರವದ ತಂತ್ರ, ಬೇಡದ ಕೆಲಸವನ್ನು ಮುಂದೂಡಿ ವೇಗ ಉಳಿಸುವ ಉಪಾಯ ಎಂದೆಲ್ಲ ಹೇಳಿ ನೋಡಿದೆ. ಆ ಸಂಜೆ ಆ ವಾಕ್ಯ ನನ್ನ ಪ್ರಿಂಟರಿನಿಂದಲೇ ಹೊರಬಂದು, ತಿರುಪತಿ ಮ್ಯಾಗ್ನೆಟ್ಟಿನ ಕೆಳಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಈಗಲೂ ಇದೆ. ಬಂದ ನೆಂಟರಿಗೆ ಮಗಳು ಕನ್ನಡದಲ್ಲಿ ಅರ್ಥ ಹೇಳುತ್ತಾಳೆ.

ಇಷ್ಟರ ಮಧ್ಯೆ ಅಮ್ಮ ಈ ಕಡೆ ಗಮನ ಕೊಟ್ಟಿರಲಿಲ್ಲ. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆ ಕೇಳಿದಳು: "ಮೇ ತಿಂಗಳು ಎಲ್ಲಾರೂ ಊರಿಗೆ ಹೋಗಿದ್ವಲ್ಲ, ಆವಾಗ ನಿನ್ನ ಯಂತ್ರ ಏನು ಹೇಳತ್ತೋ?"

ಏನೂ ಇಲ್ಲದ ಪಟ್ಟಿ. ಇದಕ್ಕೆ ಟೆಸ್ಟ್ ಬರೆದಿರಲಿಲ್ಲ, ಬರೆಯಬೇಕೆಂದು ಹೊಳೆದೂ ಇರಲಿಲ್ಲ. ಓಡಿಸಿದೆ. ಸಮ್ ಸೊನ್ನೆ ಎಂದಿತು. ಅದೇ ಖಾಲಿ ಪಟ್ಟಿಯನ್ನು ಗುಣಾಕಾರದ ಪ್ರಾಡಕ್ಟ್‌ಗೆ ಕೊಟ್ಟರೆ ಒಂದು ಎಂದಿತು. ರೆಡ್ಯೂಸ್ ಮಾತ್ರ ನನ್ ಎಂದಿತು, ಅಂದರೆ ಉತ್ತರವೇ ಇಲ್ಲ ಎಂದು. ರೆಡ್ಯೂಸ್‌ಗೆ ಆರಂಭದ ಅಂಕಿ ಕೊಡುವ ಪದ್ಧತಿ ಇಲ್ಲ. ಪಟ್ಟಿಯ ಮೊದಲನೆಯದನ್ನೇ ಹಿಡಿದುಕೊಂಡು ಹೊರಡುತ್ತದೆ. ಮೊದಲನೆಯದೇ ಇಲ್ಲದಿದ್ದರೆ ಕೈಚೆಲ್ಲುತ್ತದೆ. 2021ರ ಮಾರ್ಚ್‌ನಲ್ಲಿ ಬಂದ 1.51ನೇ ಆವೃತ್ತಿಯವರೆಗೆ ಈ ರೆಡ್ಯೂಸ್ ಮೂಲ ಗ್ರಂಥಾಲಯದಲ್ಲಿ ಸ್ಥಿರವಾಗಿ ಇರಲೇ ಇಲ್ಲ.

"ಯಾವುದು ಸರಿ ಅಮ್ಮ, ಸೊನ್ನೆಯೋ ಇಲ್ಲ ಅನ್ನೋದೋ?"

"ಎರಡೂ ಸರಿನೇ ಕಣೋ. ಸೊನ್ನೆ ಅಂದ್ರೆ ಹಾಲು ಬಂದಿಲ್ಲ. ಏನೂ ಬರೆದೇ ಇಲ್ಲ ಅಂದ್ರೆ ಬರೆಯೋನು ಮಲಗಿದ್ದಾನೆ."

ನಮ್ಮ ಆಫೀಸಿನ ಹುಡುಗರು, ಉತ್ತರ ಇರಲೂಬಹುದು, ನನ್ ಆಗಲೂಬಹುದು ಎನ್ನುವ ಆಪ್ಷನ್ ಎಂಬ ಈ ಸಂಗತಿಯನ್ನು ಬಿಡಿಸಿ ಹೇಳಲು ಮುಕ್ಕಾಲು ಗಂಟೆ, ಹತ್ತಾರು ಸ್ಲೈಡ್ ತೆಗೆದುಕೊಂಡಿದ್ದರು. ಆದರೂ ಸೊನ್ನೆಯ ಮುಂದೆ ತಡವರಿಸಿದವರಲ್ಲಿ ನನಗೆ ಘನವಾದ ಸಹವಾಸವಿದೆ. ಒಂಬತ್ತನೇ ಶತಮಾನದಲ್ಲಿ, ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರು ಶ್ರೇಢಿಗಳ ಮೊತ್ತವನ್ನು ನೀರು ಕುಡಿದಷ್ಟು ಸುಲಭವಾಗಿ ಮಾಡಿದವರು. ಅಂಥವರೇ ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದು ಬರೆದಿಟ್ಟಿದ್ದಾರೆ. ಮಹಾವೀರಾಚಾರ್ಯರು ಮತ್ತು ನಾನು ಎಂದು ಒಂದೇ ಉಸಿರಿನಲ್ಲಿ ಹೇಳುವ ಅವಕಾಶ ಮತ್ತೆ ಸಿಗಲಾರದೆಂದು ಇಲ್ಲೇ ಹೇಳಿಕೊಂಡಿದ್ದೇನೆ.

ಅಮ್ಮನ ಎರಡನೇ ಪ್ರಶ್ನೆ ಇನ್ನೂ ಹರಿತವಾಗಿತ್ತು. ತಿಂಗಳ ಮೊತ್ತವನ್ನು ಓದಿ ಹೇಳಿದೆ. "ಹೋದ ತಿಂಗಳ ಬಾಕಿ ಎಲ್ಲಿ ಹೋಯ್ತು?" ಎಂದಳು. ಸಮ್ ಸೊನ್ನೆಯಿಂದ ಹೊರಡುತ್ತದೆ ಎಂದೆನಲ್ಲ, ಅದರ ತೊಂದರೆ ಇದೇ. ಯಾವ ಮನೆಯ ಯಾವ ಲೆಕ್ಕವೂ ಸೊನ್ನೆಯಿಂದ ಹೊರಡುವುದಿಲ್ಲ. ಹಾಲಿನ ಹುಡುಗನಿಗೆ ಚಿಲ್ಲರೆ ಇಲ್ಲದೆ ಉಳಿದದ್ದು, ಇಸ್ತ್ರಿಯವನಿಗೆ ಮುಂಗಡ ಕೊಟ್ಟದ್ದು, ತರಕಾರಿ ಗಾಡಿಯವನು ನಾಳೆ ಕೊಡಿ ಅಂದದ್ದು, ಹೀಗೆ ಹಿಂದಿನದೊಂದು ಬಾಲ ಇದ್ದೇ ಇರುತ್ತದೆ. ಅದಕ್ಕೇ ಫೋಲ್ಡ್ ಬೇಕು: ಹಳೇ ಬಾಕಿಯನ್ನು ಮೊದಲು ಕೈಗಿಟ್ಟು ಆಮೇಲೆ ಕೂಡು ಎನ್ನಬಹುದು. ಹೆಂಡತಿ ಇದನ್ನು ಥಟ್ಟನೆ ಗ್ರಹಿಸಿದ್ದು ನನಗೆ ಸ್ವಲ್ಪ ಆಶ್ಚರ್ಯ ತಂದರೂ, ಯೋಚಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಜಗಳದಲ್ಲಿ ಅವಳು ಸಮ್ ಬಳಸಿದ್ದನ್ನು ನಾನು ನೋಡಿಯೇ ಇಲ್ಲ. ಟವೆಲ್ ಒಣಗಿಹಾಕದ್ದಕ್ಕೆ ಶುರುವಾದ ಮಾತು ಮದುವೆ ಛತ್ರದಲ್ಲಿ ನಮ್ಮ ಕಡೆಯವರು ಎರಡನೇ ಪಂಕ್ತಿಗೆ ಹೋಳಿಗೆ ಮುಗಿಯಿತು ಎಂದಿದ್ದರಲ್ಲ, ಆ ಆರಂಭಿಕ ಮೌಲ್ಯದಿಂದಲೇ ಹೊರಡುತ್ತದೆ.

ಫೆಬ್ರವರಿ ಬಂತು. ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವುದು ಎಲ್ಲರಿಗೂ ಗೊತ್ತು. ನಮ್ಮ ತಾರಸಿಯಿಂದ ವಿಮಾನಗಳ ಹೊಟ್ಟೆ ಪುಕ್ಕಟೆಯಾಗಿ ಕಾಣಿಸುತ್ತದೆ ಎಂಬುದು ನಮ್ಮ ನೆಂಟರಿಗೆ ಮಾತ್ರ ಗೊತ್ತು. ತಿಪಟೂರಿನಿಂದ, ಚನ್ನರಾಯಪಟ್ಟಣದಿಂದ, ಟೋಪಿ ಸಮೇತ ಬಂದಿಳಿಯುತ್ತಾರೆ. ವಿಮಾನ ಒಂದು ಪಲ್ಟಿ ಹೊಡೆದರೆ ಕೆಳಗೆ ಎರಡು ಸುತ್ತು ಕಾಫಿ. ನಾನು ಹಾಲಿನ ಪ್ಯಾಕೆಟ್ಟುಗಳ ವರ್ಷದ ಒಟ್ಟನ್ನು ಎಣಿಸಲು, ಮಿತವ್ಯಯದ ದೃಷ್ಟಿಯಿಂದ, ರಸ್ಟ್‌ನ ಅತಿ ಚಿಕ್ಕ ಪೆಟ್ಟಿಗೆಯನ್ನು ಆರಿಸಿಕೊಂಡಿದ್ದೆ. ಎಂಟು ಬಿಟ್‌ಗಳದು, 255ರವರೆಗೆ ಹಿಡಿಯುತ್ತದೆ. ಬಟ್ಟೆ ಹಾಕುವ ಕಬೋರ್ಡಿನಲ್ಲಿ ನನಗೆ ಸಿಕ್ಕಿರುವ ಜಾಗದ ಅಳತೆಯಲ್ಲಿ ಬದುಕಿ ಬದುಕಿ ಬಂದ ಅಭ್ಯಾಸ ಅದು.

ಜನವರಿಯಲ್ಲಿ ದಿನಕ್ಕೆ ನಾಲ್ಕರಂತೆ 124. ಫೆಬ್ರವರಿಯ ನೆಂಟರ ಕೃಪೆಯಿಂದ ಇನ್ನೂ 136. ಒಟ್ಟು 260. ಪ್ರೋಗ್ರಾಮ್ ಹೇಳಿದ್ದು: ನಾಲ್ಕು.

ರಸ್ಟ್‌ನ ಸ್ವಭಾವ ಇಲ್ಲಿ ಗಮನಿಸತಕ್ಕದ್ದು. ಕಾರ್ಗೋ ಟೆಸ್ಟ್ ಮಾಡುವಾಗ ಪೆಟ್ಟಿಗೆ ತುಂಬಿ ಚೆಲ್ಲಿದರೆ ಅದು ಪ್ಯಾನಿಕ್ ಎಂದು ಬೊಬ್ಬೆ ಹೊಡೆದು ಅಲ್ಲೇ ನಿಲ್ಲುತ್ತದೆ. ಅದೇ ಪ್ರೋಗ್ರಾಮನ್ನು ವೇಗಕ್ಕೆಂದು ರಿಲೀಸ್ ರೂಪದಲ್ಲಿ ಕಟ್ಟಿ ಓಡಿಸಿದರೆ, ನಾವು ಬೇರೆ ಹೇಳದ ಹೊರತು, ತುಟಿ ಪಿಟಕ್ಕೆನ್ನದೆ ಸೊನ್ನೆಗೆ ಸುತ್ತಿಕೊಂಡು ಮುಂದೆ ಎಣಿಸುತ್ತದೆ. 260ರಲ್ಲಿ 256 ಕಳೆದು ನಾಲ್ಕು. ಹಾಲು ಕಾಯಿಸಲು ವೇಗ ಏಕೆ ಬೇಕಿತ್ತು ಎಂದು ಕೇಳಬೇಡಿ. ಇಂಥದ್ದು ದೊಡ್ಡವರಿಗೂ ಎದುರಾಗಿದೆ: 2014ರ ಡಿಸೆಂಬರಿನಲ್ಲಿ ಗಂಗ್ನಮ್ ಸ್ಟೈಲ್ ಹಾಡಿನ ವೀಕ್ಷಣೆ 214 ಕೋಟಿ 74 ಲಕ್ಷದ ಗಡಿ ಮುಟ್ಟಿದಾಗ, ಯೂಟ್ಯೂಬಿನವರು 32 ಬಿಟ್‌ನ ಎಣಿಕೆಯ ಪೆಟ್ಟಿಗೆಯನ್ನು ಬಿಟ್ಟು 64 ಬಿಟ್‌ಗೆ ಹೋದದ್ದನ್ನು ಪ್ರಕಟಿಸಿದರು. ಅವರಿಗೆ ಕುದುರೆ ಕುಣಿತ, ನಮಗೆ ಯುದ್ಧವಿಮಾನ.

ಹೆಂಡತಿಗೆ ಮಾತ್ರ ನಾಲ್ಕು ಎಂಬ ಉತ್ತರ ಬಹಳ ಹಿಡಿಸಿತು. "ಇದನ್ನೇ ಪ್ರಿಂಟ್ ತೆಗೆದು ಹಾಲಿನವನಿಗೆ ತೋರಿಸಿ ಬನ್ನಿ. ಮೆಮೊರಿ ಭದ್ರತೆ ಇದೆ ಅಂತ ಹೇಳಿ." ಚೆಲ್ಲದ ಹಾಗೆ ಕೂಡುವ ವಿಧಾನಗಳೂ ಇವೆ ಎಂದು ತೋರಿಸಿದೆ. ಸ್ಯಾಚುರೇಟಿಂಗ್ ಎಂಬುದು 255ಕ್ಕೆ ಬಂದು ಅಲ್ಲೇ ಕೂತುಬಿಡುತ್ತದೆ, ಇನ್ನೆಷ್ಟು ಹಾಲು ಬಂದರೂ 255. ಹಾಲಿನ ಹುಡುಗ ಇದಕ್ಕೆ ಒಪ್ಪುವ ಸಂಭವ ಕಡಿಮೆ. ಚೆಕ್ಡ್ ಎಂಬುದು ಚೆಲ್ಲುವ ಮೊದಲೇ ನನ್ ಎಂದು ಕೈ ಎತ್ತುತ್ತದೆ. ಈ ಚೆಕ್ಡ್ ಅನ್ನು ಟ್ರೈ ಫೋಲ್ಡ್ ಜೊತೆ ಹಾಕಿದರೆ ತುಂಬುವ ಹೊತ್ತಿಗೆ ಕೂಡುವುದನ್ನೇ ನಿಲ್ಲಿಸಿ, ಮಿಕ್ಕ ದಿನಗಳನ್ನು ಮುಟ್ಟದೆ ಹಾಗೇ ಬಿಡುತ್ತದೆ. 2018ರ ಜೂನಿನಲ್ಲಿ ಸ್ಥಿರವಾದ ಈ ಟ್ರೈ ಫೋಲ್ಡ್ ನನಗೆ ಇಡೀ ಕುಟುಂಬದಲ್ಲಿ ಅಚ್ಚುಮೆಚ್ಚು. ಮಿತಿ ದಾಟಿದ ಕೂಡಲೇ ಕೆಲಸ ನಿಲ್ಲಿಸುವ ಹಕ್ಕು ಅದಕ್ಕಿದೆ.

ಆ ಮೆಚ್ಚುಗೆಯಲ್ಲೇ ಅದನ್ನು ಕರೆಂಟಿಗೆ ಹಚ್ಚಿದೆ. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ನಮ್ಮ ಮನೆಯ ಆಡಳಿತವೆಲ್ಲ ಮೀಟರಿನ ಸುತ್ತ ನಡೆಯುತ್ತದೆ. 2022-23ರ ನಮ್ಮ ಸರಾಸರಿಯ ಮೇಲೊಂದಿಷ್ಟು ಸೇರಿಸಿ ಅಷ್ಟರವರೆಗೆ ಉಚಿತ. ಅದನ್ನು ಮೀರಿ 200 ಯೂನಿಟ್ಟಿನೊಳಗಿದ್ದರೆ ಹೆಚ್ಚಾದದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು ನಮ್ಮ ತಲೆಗೆ. ಪ್ರೋಗ್ರಾಮಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ! ದಿನವೂ ಮೀಟರ್ ಓದಿ ಬರೆಯುವುದು, ಟ್ರೈ ಫೋಲ್ಡ್ ಕೂಡುತ್ತ ಹೋಗುವುದು, 200 ಮೀರುವ ದಿನ ಎರರ್ ಕೊಟ್ಟು ನಿಲ್ಲುವುದು. ಟೆಸ್ಟುಗಳನ್ನೂ ಶಾಸ್ತ್ರೋಕ್ತವಾಗಿ ಬರೆದೆ: 199ಕ್ಕೆ ಒಂದು, ಸರಿಯಾಗಿ 200ಕ್ಕೆ ಒಂದು, 201ಕ್ಕೆ ಒಂದು. ಗಡಿಯಲ್ಲೇ ಕಳ್ಳ ಇರುತ್ತಾನೆ ಎಂಬುದು ಟೆಸ್ಟ್ ಮಾಡುವವರ ನಂಬಿಕೆ. ಎಲ್ಲ ಪಾಸ್.

ತಿಂಗಳ ಕೊನೆಯ ವಾರ ಒಂದು ಬೆಳಿಗ್ಗೆ ಅದು ಎರರ್ ಕೊಟ್ಟು ನಿಂತಿತು. ನಾನು ಹೆಮ್ಮೆಯಿಂದ ಎಲ್ಲರನ್ನೂ ಕರೆದೆ. "ನೋಡಿ, ಸರಿಯಾಗಿ ನಿಲ್ತು."

"ನಿಂತಿದ್ದು ಯಾವುದು?" ಹೆಂಡತಿ ಕೇಳಿದಳು.

"ಪ್ರೋಗ್ರಾಮು."

"ಮೀಟರು?"

ಮೀಟರ್ ನಿಂತಿರಲಿಲ್ಲ. ಗೀಸರ್ ಆನ್ ಇತ್ತು. ಅದನ್ನು ಹಾಕಿದವನು ನಾನೇ, ಸ್ನಾನಕ್ಕೆ ಹೋಗುವ ಮೊದಲು ಒಂದು ಟೆಸ್ಟ್ ಓಡಿಸೋಣ ಎಂದು ಕೂತವನು. ಅಮ್ಮ ಎದ್ದು ಹೋಗಿ ಗೀಸರಿನ ಸ್ವಿಚ್ ಆರಿಸಿದಳು, ಹೋಗುವಾಗ ದಾರಿಯಲ್ಲಿದ್ದ ಲ್ಯಾಪ್‌ಟಾಪಿನ ಚಾರ್ಜರನ್ನೂ ಕಿತ್ತಳು.

ದುಡ್ಡಿನ ಮೊತ್ತದ ಕಥೆ ಬೇರೆ, ಅದರಲ್ಲಿ ಅಕ್ಕಪಕ್ಕದವರೂ ಇದ್ದಾರೆ. ನಮ್ಮ ಮಹಡಿಯ ಮೂರು ಮನೆಯವರು ಸೇರಿ ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಈರುಳ್ಳಿ ಮೂಟೆ ತರುವ ಪದ್ಧತಿಯಿದೆ. ತಂದು ಇಳಿಸುವಷ್ಟರಲ್ಲಿ ಆಟೋ, ಕೂಲಿ ಎಲ್ಲ ಸೇರಿ ಸಾವಿರ ರೂಪಾಯಿ ಆಯಿತೆನ್ನಿ. ಮೂರು ಪಾಲು ಮಾಡಿದರೆ ತಲಾ 333 ರೂಪಾಯಿ 33 ಪೈಸೆ. ಮೂರನ್ನೂ ಮತ್ತೆ ಕೂಡಿದರೆ 999 ರೂಪಾಯಿ 99 ಪೈಸೆ. ಎಡಗಡೆ ಒಂದು, ಬಲಗಡೆ ಇನ್ನೊಂದು, ಟೆಸ್ಟ್ ಫೇಲ್.

ದಶಮಾಂಶದ ಸಂಖ್ಯೆಗಳನ್ನು ನಂಬಿದರೆ ಇನ್ನೂ ಕೇಡು. 0.1 ಅನ್ನು ಹತ್ತು ಸಲ ಕೂಡಿದರೆ ಒಂದು ಬರಬೇಕಲ್ಲ? ಬರುವುದಿಲ್ಲ. 0.9999999999999999 ಬರುತ್ತದೆ. ಕಂಪ್ಯೂಟರ್ ಎಣಿಸುವುದು ಎರಡರ ಲೆಕ್ಕದಲ್ಲಿ. ಆ ಲೆಕ್ಕದಲ್ಲಿ ಹತ್ತನೇ ಒಂದು ಭಾಗ ಮುಗಿಯದ ಭಿನ್ನರಾಶಿ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಒಂದು ಸಲ ಕತ್ತರಿಸಿದರೆ ಯಾರಿಗೂ ಕಾಣುವುದಿಲ್ಲ. ಕೂಡುತ್ತ ಹೋದಾಗ ಕತ್ತರಿಸಿದ ಚೂರುಗಳೂ ಕೂಡುತ್ತ ಹೋಗುತ್ತವೆ. ವ್ಯಾಂಕೂವರಿನಲ್ಲೇ, ಹೌದು, ಆ ಲಿಫ್ಟಿನ ಊರಿನಲ್ಲೇ, ಷೇರುಪೇಟೆಯ ಸೂಚ್ಯಂಕವನ್ನು 1982ರ ಜನವರಿಯಲ್ಲಿ 1000 ಎಂದು ಇಟ್ಟು ಶುರುಮಾಡಿದರು. ಪ್ರತಿ ವಹಿವಾಟಿಗೂ ಹೊಸದಾಗಿ ಲೆಕ್ಕ ಹಾಕುವುದು, ಪ್ರತಿ ಸಲವೂ ಮೂರು ದಶಮಾಂಶ ಸ್ಥಾನದ ಆಚೆಗಿನದನ್ನು ಸರಿಹೊಂದಿಸದೆ ಸುಮ್ಮನೆ ಕತ್ತರಿಸಿ ಬಿಸಾಡುವುದು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524ರ ಆಸುಪಾಸಿಗೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಅದು ನಿಜಕ್ಕೂ ಇರಬೇಕಾಗಿದ್ದದ್ದು 1098ರ ಹತ್ತಿರ. ಅರ್ಧಕ್ಕರ್ಧ ಪೇಟೆ ಕತ್ತರಿಯ ಬಾಯಿಗೆ ಹೋಗಿತ್ತು.

ಅದಕ್ಕೇ ತಿಳಿದವರು ದುಡ್ಡನ್ನು ದಶಮಾಂಶದಲ್ಲಿ ಇಡುವುದಿಲ್ಲ, ಪೈಸೆಗಳ ಪೂರ್ಣಾಂಕವಾಗಿ ಇಡುತ್ತಾರೆ. ನಮ್ಮ ಬೆಂಗಳೂರಿನದೇ ಜಸ್‌ಪೇ ಕಂಪನಿಯ ಹೈಪರ್‌ಸ್ವಿಚ್ ಎಂಬ ಪಾವತಿ ವ್ಯವಸ್ಥೆ ರಸ್ಟ್‌ನಲ್ಲಿ ಬರೆದದ್ದು, ಯಾರು ಬೇಕಾದರೂ ತೆರೆದು ಓದಬಹುದು. ಅಲ್ಲಿ ಮೊತ್ತಗಳನ್ನು ಹಿಡಿದಿಡುವುದು ಹೀಗೇ, ಚಿಲ್ಲರೆಯ ಪೂರ್ಣಾಂಕದಲ್ಲಿ. ನಾನೂ ಹಾಗೇ ಮಾಡಿದೆ. ಒಂದು ಲಕ್ಷ ಪೈಸೆ, ಮೂರು ಪಾಲು, ತಲಾ 33,333. ಆದರೂ ಒಂದು ಪೈಸೆ ಮಿಕ್ಕಿತು. ಪೂರ್ಣಾಂಕ ಸುಳ್ಳು ಹೇಳುವುದಿಲ್ಲ, ಪೈಸೆಯನ್ನು ಎದುರಿಗೇ ಇಟ್ಟು ಯಾರ ತಲೆಗೆ ಹಾಕುತ್ತೀರಿ ಎಂದು ಕೇಳುತ್ತದೆ. 25 ಪೈಸೆಯ ನಾಣ್ಯವೇ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಗಿದೆ, ಇನ್ನು ಈ ಒಂದು ಪೈಸೆಯನ್ನು ಯಾರ ಕೈಗೆ ಕೊಡುವುದು? ನಾನು ಇದರ ನ್ಯಾಯವಾದ ಹಂಚಿಕೆಗೆ ಸೂತ್ರ ಹುಡುಕುತ್ತ ಕೂತಿರುವಾಗ, ಮೂವರು ಗೃಹಿಣಿಯರು ಪ್ಯಾಸೇಜಿನಲ್ಲಿ ನಿಂತು ಮೂಟೆ ಬಿಚ್ಚಿ, ಇಬ್ಬರು 330, ಮೂಟೆಯ ಚೀಲ ಇಟ್ಟುಕೊಳ್ಳುವವರು 340 ಎಂದು ತೀರ್ಮಾನಿಸಿ ಬಾಗಿಲು ಹಾಕಿಕೊಂಡಿದ್ದರು. 330, 330, 340. ಕೂಡಿ ನೋಡಿದೆ. ಸಾವಿರ. ಟೆಸ್ಟ್ ಪಾಸ್.

ಕೊನೆಗೆ ಉಳಿದದ್ದು ಮುಯ್ಯಿ.

ಅಮ್ಮನ ಟ್ರಂಕಿನಲ್ಲಿ ಒಂದು ಉದ್ದ ನೋಟ್‌ಬುಕ್ ಇದೆ. ಯಾರ ಮದುವೆಗೆ ನಾವೇನು ಓದಿಸಿದೆವು, ನಮ್ಮ ಮನೆಯ ಶುಭಕಾರ್ಯಕ್ಕೆ ಅವರೇನು ಓದಿಸಿದರು, ಎಲ್ಲವೂ ಮೂರು ತಲೆಮಾರಿನ ಕೈಬರಹದಲ್ಲಿ. ಕೊಟ್ಟದ್ದು ಕೂಡು, ಬಂದದ್ದು ಕಳೆ, ಮನೆತನಕ್ಕೊಂದು ಬಾಕಿ. ಫೋಲ್ಡ್‌ಗೆಂದೇ ಹುಟ್ಟಿದ ಪಟ್ಟಿ ಇದು ಎಂದುಕೊಂಡು ನೋಟ್‌ಬುಕ್ ಕೇಳಿದೆ. ಅಮ್ಮ ನೋಟ್‌ಬುಕ್ ಕೊಡಲಿಲ್ಲ, ಪಕ್ಕದಲ್ಲಿ ಕೂತು ಓದಿ ಹೇಳುತ್ತೇನೆ ಎಂದಳು.

"1994, ತಿಪಟೂರು ಚಿಕ್ಕಪ್ಪನ ಮಗಳ ಮದುವೆ. ನಾವು 51 ರೂಪಾಯಿ, ಒಂದು ಸ್ಟೀಲ್ ಡಬ್ಬ."

51 ಹಾಕಿದೆ. ಡಬ್ಬಕ್ಕೆ ಬೇರೆ ಬಗೆಯ ವಸ್ತು ಎಂದು ಹೆಸರಿಟ್ಟೆ.

"ನಿನ್ನ ಗೃಹಪ್ರವೇಶಕ್ಕೆ ಅವರು ಬೆಳ್ಳಿ ಬಟ್ಟಲು ಕೊಟ್ಟರು."

ರೂಪಾಯಿಗೂ ಬಟ್ಟಲಿಗೂ ನಡುವೆ ಕಳೆಯುವ ಚಿಹ್ನೆ ಹಾಕಿ ಕಂಪೈಲ್ ಮಾಡಿದೆ. ಕೆಂಪು ಅಕ್ಷರ. ಬೆಳ್ಳಿ ಬಟ್ಟಲನ್ನು ರೂಪಾಯಿಯಿಂದ ಕಳೆಯಲಾಗದು, ಹಾಗೆ ಕಳೆಯುವ ಕ್ರಮವನ್ನು ಯಾರೂ ಬರೆದಿಲ್ಲ ಎಂದಿತು. ಓದಿ ಹೇಳಿದೆ.

ಅಮ್ಮ ಮೊದಲ ಸಲ ಲ್ಯಾಪ್‌ಟಾಪಿನ ಕಡೆ ಮುಖ ತಿರುಗಿಸಿದಳು. "ಪರವಾಗಿಲ್ವೆ, ಇದಕ್ಕೆ ನಾಲ್ಕು ಜನರ ಮಧ್ಯೆ ಬದುಕಿ ಗೊತ್ತಿದೆ."

ಬೆಳ್ಳಿಯ ಇವತ್ತಿನ ಬೆಲೆ ಹುಡುಕಿ ಬಟ್ಟಲನ್ನು ರೂಪಾಯಿ ಮಾಡೋಣ ಎಂದೆ. ಬಟ್ಟಲು ಕೊಟ್ಟವರು ಬೆಲೆ ನೋಡಿ ಕೊಟ್ಟರೇನೋ, ಆ ವರ್ಷ ಅವರಿಗೆ ಕೊಬ್ಬರಿಯಲ್ಲಿ ನಷ್ಟವಾಗಿತ್ತು, ಆದರೂ ಕೊಟ್ಟರು ಎಂದಳು. 51ನ್ನು ಬಡ್ಡಿ ಸಮೇತ ಏರಿಸೋಣವೇ ಎಂದೆ. 51 ಕೊಟ್ಟಾಗ ಅಪ್ಪನ ಸಂಬಳ ಎಷ್ಟಿತ್ತು ಗೊತ್ತಾ ಎಂದಳು. ಚಿಕ್ಕಪ್ಪ ಈಗಿಲ್ಲ, ಆ ಸಾಲು ತೆಗೆದುಬಿಡಲೇ ಎಂದು ಕೇಳಿದೆ. ಅದಕ್ಕೆ ಉತ್ತರವೇ ಬರಲಿಲ್ಲ, ನೋಟ್‌ಬುಕ್ ಟ್ರಂಕಿಗೆ ಹೋಯಿತು. ಹೆಂಡತಿ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು, ಆ ದಿನ ಅಪರೂಪಕ್ಕೆ ಅತ್ತೆಯ ಪರ ವಹಿಸಿದಳು. ಎಡ ಬಲ ಎರಡೂ ಸಮ. ಈ ಅಸರ್ಟ್ ಪಾಸಾದದ್ದನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ.

ಸದ್ಯದ ಪರಿಸ್ಥಿತಿ: ಹಾಲು, ಇಸ್ತ್ರಿ, ಕರೆಂಟು, ಈರುಳ್ಳಿ, ಎಲ್ಲದರ ಟೆಸ್ಟೂ ಹಸಿರು. ಮುಯ್ಯಿಯ ಟೆಸ್ಟಿನ ತಲೆಯ ಮೇಲೆ ಇಗ್ನೋರ್ ಎಂಬ ಗುರುತು ಹಾಕಿದ್ದೇನೆ. ಕಾರ್ಗೋ ಅದನ್ನು ಓಡಿಸದೆ, ಒಂದನ್ನು ಕಡೆಗಣಿಸಲಾಗಿದೆ ಎಂದು ಕೊನೆಯ ಸಾಲಿನಲ್ಲಿ ಬರೆದು ಮುಗಿಸುತ್ತದೆ. ಹಾಲಿನ ಹುಡುಗನಿಗೆ ಈಗಲೂ ದುಡ್ಡು ಕೊಡುವುದು ಕ್ಯಾಲೆಂಡರ್ ನೋಡಿಯೇ. ಷಡ್ಡಕ ಎಕ್ಸೆಲ್ ಫೈಲೊಂದನ್ನು ಕಳಿಸಿದ್ದಾನೆ, ನಾನಿನ್ನೂ ತೆರೆದಿಲ್ಲ. ಆಫೀಸಿನಲ್ಲಿ ರಸ್ಟ್ ಯೋಜನೆಯನ್ನು ಮುಂದಿನ ವರ್ಷಕ್ಕೆ ಮುಂದೂಡಿದ್ದಾರೆ.

ಯಲಹಂಕ, ಜಕ್ಕೂರು, ಕೋಗಿಲು ಕಡೆ ರಸ್ಟ್ ಬಲ್ಲ ಓದುಗರು ಯಾರಾದರೂ ಇದ್ದರೆ, ಬೆಳ್ಳಿ ಬಟ್ಟಲಿನಿಂದ 51 ರೂಪಾಯಿ ಕಳೆಯುವ ಕ್ರಮ ತಿಳಿದಿದ್ದರೆ, ದಯವಿಟ್ಟು ಒಂದು ಭಾನುವಾರ ಮನೆಗೆ ಬನ್ನಿ. ಕಾಫಿಗೆ ಕೊರತೆಯಿಲ್ಲ. ಏರ್ ಶೋ ಇರುವ ವಾರ ಮಾತ್ರ ಬೇಡ, ಮತ್ತು ಬಂದವರು ಫ್ರಿಜ್ಜಿನ ಬಾಗಿಲ ಮೇಲೆ ಬರೆದಿರುವುದನ್ನು ಗಟ್ಟಿಯಾಗಿ ಓದಬಾರದು.